ಮಲಗುವ ಕೋಣೆಯಲ್ಲಿ ಹುಟ್ಟಿದ ಹಾಡು

1982ರ ಜನವರಿ. ಅಮೆರಿಕದ ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರ ಮಲಗುವ ಕೋಣೆಯಲ್ಲಿ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡುತ್ತಿದ್ದರು. ಎದುರಿಗೆ ಎರಡು ಮೈಕು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ. ದನಿ, ಗಿಟಾರು, ಮೌತ್ ಆರ್ಗನ್ ಎಲ್ಲವನ್ನೂ ಹದವಾಗಿ ಬೆರೆಸಿ ಇಳಿಸಿಕೊಂಡದ್ದು ಹಿಂದೊಮ್ಮೆ ನೀರಿಗೆ ಬಿದ್ದಿದ್ದ ಟೇಪ್ ರೆಕಾರ್ಡರಿಗೆ! ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ತಮ್ಮ ವಾದ್ಯವೃಂದದೊಂದಿಗೆ ಅವೇ ಹಾಡುಗಳನ್ನು ಹಾಡಿ ನೋಡಿದರು. ಮನಸ್ಸು ಒಪ್ಪಲಿಲ್ಲ. ಕೊನೆಗೆ ಕ್ಯಾಸೆಟ್ಟಿನಲ್ಲಿದ್ದದ್ದೇ ‘ನೆಬ್ರಾಸ್ಕಾ’ ಆಲ್ಬಮ್ಮಾಗಿ ಹೊರಬಂತು.

ಇಂದು ಸಾಧಾರಣ ಲ್ಯಾಪ್‌ಟಾಪಿನಲ್ಲೂ ಆ ಕ್ಯಾಸೆಟ್ ಯಂತ್ರಕ್ಕಿಂತ ಹೆಚ್ಚು ಟ್ರ್ಯಾಕುಗಳು ಸಿಗುತ್ತವೆ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ದುಬಾರಿ ಸ್ಪೀಕರಿಲ್ಲವೆಂದು ಕೊರಗುವ ಮಕ್ಕಳೇ, ಬರಿ ಗೋಡೆಗೆ ದಪ್ಪ ಕಂಬಳಿ ತೂಗುಹಾಕಿ; ಕೋಣೆಯ ಪ್ರತಿಧ್ವನಿ ತಗ್ಗುತ್ತದೆ. ನೀವು ಬೆರೆಸಿದ ಹಾಡನ್ನು ಸದ್ದು ತೀರಾ ಇಳಿಸಿ ಕೇಳಿ. ಆಗಲೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳಿಸಿದರೆ ನಿಮ್ಮ ಮಿಕ್ಸಿಂಗ್ ಸರಿದಾರಿಯಲ್ಲಿದೆ.