ಉಯಿಲಿನ ಜೊತೆಗಿಟ್ಟ ಪತ್ರ ಯಾರು ಓದಬೇಕು?



ಉಯಿಲು ಬರೆದು ಆಸ್ತಿಯನ್ನು ಟ್ರಸ್ಟಿಗಳಿಗೆ ಒಪ್ಪಿಸುವ ಹಿರಿಯರು ಅದರೊಡನೆ ಒಂದು ಖಾಸಗಿ ಪತ್ರವನ್ನೂ ಬರೆದಿಡುವುದುಂಟು. ಮೊಮ್ಮಕ್ಕಳ ವಿದ್ಯೆಗೆ ಎಷ್ಟು ವ್ಯಯಿಸಬೇಕು, ವಿಧವೆಯಾದ ಮಗಳಿಗೆ ಮನೆಯಲ್ಲಿ ಎಲ್ಲಿಯವರೆಗೆ ನೆಲೆಯಿರಬೇಕು, ಊರಿನ ಬಸದಿಗೆ ಯಾವ ದಾನ ಸಲ್ಲಬೇಕು ಎಂಬ ಆಶಯಗಳು ಅದರಲ್ಲಿರುತ್ತವೆ. ಫಲಾನುಭವಿಗಳು ಆ ಪತ್ರವನ್ನು ನೋಡಬಹುದೇ?

ಇಂಗ್ಲಿಷ್ ನ್ಯಾಯಪರಂಪರೆಯು ಈ ಪ್ರಶ್ನೆಯನ್ನು ಆಳವಾಗಿ ಪರಿಶೀಲಿಸಿದೆ. 2003ರ ಷ್ಮಿಟ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಟ್ರಸ್ಟಿನ ದಾಖಲೆಗಳನ್ನು ತೋರಿಸುವ ವಿಷಯವು ಆಸ್ತಿಯ ಹಕ್ಕನ್ನು ಅವಲಂಬಿಸಿಲ್ಲ, ನ್ಯಾಯಾಲಯದ ಮೇಲ್ವಿಚಾರಣೆಯ ಅಧಿಕಾರಕ್ಕೆ ಸೇರಿದೆ ಎಂದಿತು. 2008ರ ಬ್ರೇಕ್‌ಸ್ಪಿಯರ್ ಪ್ರಕರಣದಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಇಂತಹ ಪತ್ರವನ್ನು ಟ್ರಸ್ಟಿಗಳು ಗೋಪ್ಯವಾಗಿಡಬಹುದೆಂದು ಒಪ್ಪಿತು. ಆದರೆ ಆ ಟ್ರಸ್ಟಿಗಳು ತಮ್ಮ ಹಂಚಿಕೆಗೆ ನ್ಯಾಯಾಲಯದ ಸಮ್ಮತಿ ಕೋರಲಿದ್ದುದರಿಂದ ಪತ್ರವನ್ನು ತೋರಿಸುವಂತೆ ಆದೇಶಿಸಿತು.

ಭಾರತದ 1882ರ ನ್ಯಾಸ ಕಾಯಿದೆಯ 57ನೆಯ ಕಲಮು, ಖಾಸಗಿ ಟ್ರಸ್ಟಿನ ಫಲಾನುಭವಿಗೆ ಟ್ರಸ್ಟ್ ಪತ್ರ, ಆಸ್ತಿಯ ಹಕ್ಕುಪತ್ರಗಳು, ಲೆಕ್ಕ, ರಸೀದಿಗಳು ಮತ್ತು ಟ್ರಸ್ಟಿಯು ತನ್ನ ಕರ್ತವ್ಯಕ್ಕಾಗಿ ಪಡೆದ ಅಭಿಪ್ರಾಯಗಳನ್ನು ನೋಡಿ ನಕಲು ಪಡೆಯುವ ಹಕ್ಕನ್ನು ನೀಡಿದೆ. ಆಶಯಪತ್ರದ ಹೆಸರು ಆ ಪಟ್ಟಿಯಲ್ಲಿಲ್ಲ. 1925ರ ಉತ್ತರಾಧಿಕಾರ ಕಾಯಿದೆಯಂತೆ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ದೃಢೀಕರಿಸಬೇಕು. ಸಾಕ್ಷಿಯಿಲ್ಲದ ಪತ್ರವು ತಾನಾಗಿ ಉಯಿಲನ್ನು ತಿದ್ದಲಾರದು. ಆದರೆ ಅದೇ ಕಾಯಿದೆಯ 64ನೆಯ ಕಲಮಿನ ಪ್ರಕಾರ, ಉಯಿಲು ಬರೆಯುವಾಗಲೇ ಇದ್ದ ದಾಖಲೆಯನ್ನು ತನ್ನ ಇಚ್ಛೆಯ ಭಾಗವೆಂದು ಉಯಿಲಿನಲ್ಲಿ ಉಲ್ಲೇಖಿಸಿದರೆ ಅದೂ ಉಯಿಲಿನ ಭಾಗವಾಗುತ್ತದೆ.

ಇದು ಕೇವಲ ವಕೀಲರ ಚರ್ಚೆಯಲ್ಲ. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ತಂದೆ ಉಯಿಲಿಲ್ಲದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಿಗೂ ಸಮಪಾಲು. ಉಯಿಲು ಆ ಸಮತೆಯನ್ನು ಬದಲಿಸಬಲ್ಲದು. ಹಿರಿಯ ಮಗನೇ ಟ್ರಸ್ಟಿಯಾಗಿ ಮುಂಬಯಿಯಲ್ಲಿದ್ದು, ಮಗಳು ಚೆನ್ನೈಯಲ್ಲಿದ್ದರೆ, “ಅಪ್ಪಾಜಿಯ ಇಚ್ಛೆ ಹೀಗಿತ್ತು” ಎಂಬ ಅಣ್ಣನ ಮಾತನ್ನು ಆಕೆ ಯಾವುದರಿಂದ ಪರೀಕ್ಷಿಸಬೇಕು? ಪತ್ರ ಕಂಡವರು ಆಳುತ್ತಾರೆ, ಕಾಣದವರು ನಂಬಬೇಕಾಗುತ್ತದೆ.

ಗೋಪ್ಯತೆಗೂ ನ್ಯಾಯವಾದ ಕಾರಣಗಳಿವೆ. ಒಬ್ಬ ಮಗನ ಸಾಲ, ಒಬ್ಬ ಸೊಸೆಯ ಕಾಯಿಲೆ ಎಲ್ಲರ ಮುಂದೆ ಓದುವ ವಿಷಯಗಳಲ್ಲ. ಆದುದರಿಂದ ಎರಡನ್ನೂ ಬೇರ್ಪಡಿಸುವುದೇ ವಿವೇಕ. ಆಸ್ತಿಯ ಹಂಚಿಕೆಗೆ ಸಂಬಂಧಿಸಿದ ಪ್ರತಿಯೊಂದು ಮಾತೂ ಸಾಕ್ಷಿಸಹಿತವಾದ ಉಯಿಲಿನಲ್ಲಿಯೇ ಇರಲಿ. ಮನಸ್ಸಿನ ಮಾತುಗಳಿಗೆ ಬೇರೆ ಪತ್ರವಿರಲಿ. ಅಂಥ ಪತ್ರವೊಂದು ಇದೆ, ಅದು ಯಾರ ವಶದಲ್ಲಿದೆ, ಯಾರು ಯಾವಾಗ ಓದಬಹುದು ಎಂಬುದನ್ನು ಉಯಿಲಿನಲ್ಲಿ ನಮೂದಿಸಲಿ. ಟ್ರಸ್ಟಿಗಳಲ್ಲಿ ಒಬ್ಬ ಹೆಣ್ಣುಮಗಳೂ ಇರಲಿ.

ಇಷ್ಟನ್ನು ಹಿರಿಯರು ತಮ್ಮ ಜೀವಿತಕಾಲದಲ್ಲಿಯೇ ಮಾಡಿದರೆ, ಒಡಹುಟ್ಟಿದವರು ಪತ್ರವೊಂದಕ್ಕಾಗಿ ನ್ಯಾಯಾಲಯದಲ್ಲಿ ಎದುರುಬದುರಾಗುವ ಪ್ರಸಂಗ ತಪ್ಪೀತು.