ಅಗ್ಗದ ಯಂತ್ರ, ಬೆಲೆ ಕಟ್ಟಲಾಗದ ಕಣ್ಣು

(ಝುವಾರಿನಗರದಲ್ಲಿ ದುಡಿಯುವವರ ಕೂಟದಲ್ಲಿ ಮಾಡಿದ ಭಾಷಣ)



ನಾನು ಆರಿಸಿಕೊಂಡ ವಿಷಯ ಕೇಳಿ ಕೆಲವರಿಗೆ ನಗು ಬಂದೀತು. ಅಂಗೈಯಲ್ಲಿ ಹಿಡಿಯುವ ಒಂದು ಸಣ್ಣ ಯಂತ್ರ. ಅದರಿಂದ ಕುಂಡದಲ್ಲಿ ಬೆಳೆಸಿದ ಬೋನ್ಸಾಯ್ ಮರದ ಒಣಕಟ್ಟಿಗೆಯನ್ನು ಕೆತ್ತುವ ಕೆಲಸ. ಕೂಲಿ, ಬೋನಸ್ಸು, ಮನೆಬಾಡಿಗೆಗಳ ಮಾತು ಬಿಟ್ಟು ಶ್ರೀಮಂತರ ಶೋಕಿಯ ಮಾತು ನಮಗೇಕೆ ಎಂದು ಕೇಳಬಹುದು. ಆದರೆ ಶೋಕಿ ಯಾರದೇ ಇರಲಿ, ಉಳಿ ಹಿಡಿಯುವ ಕೈ ನಮ್ಮದು. ಗೊಬ್ಬರದ ಕಾರ್ಖಾನೆಯ ಸುತ್ತ ಬೆಳೆದ ಈ ಊರಿಗೆ ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಕಡೆಯಿಂದ ಬಂದ ನಮ್ಮವರು ಗಾರೆ ಹೊತ್ತರು, ಮೂಟೆ ಹೊತ್ತರು. ಈಗ ಕೆಲವರು ಹೋಟೆಲು, ಬಂಗಲೆ, ನರ್ಸರಿಗಳಲ್ಲಿ ಮಾಲಿ ಕೆಲಸ ಹಿಡಿದಿದ್ದಾರೆ. ಅವರ ಕೈಗೆ ಈ ಯಂತ್ರ ಬಂದಿದೆ. ಅದನ್ನು ಕಲಿಸುವವರು ಮಾತ್ರ ಬಂದಿಲ್ಲ.

ಬೋನ್ಸಾಯ್ ಎಂದರೆ ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಮರ. ನಮ್ಮ ನಾಡಿನಲ್ಲಿ ನೋಡಬೇಕಾದರೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಒಂದು ಬೋನ್ಸಾಯ್ ತೋಟವಿದೆ. ಮೈಸೂರಿನ ಅವಧೂತ ದತ್ತ ಪೀಠದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ. ಇಂಥ ಮರಕ್ಕೆ ವಯಸ್ಸಾದ ಕಳೆ ಬರಬೇಕು. ಬೆಟ್ಟದ ನೆತ್ತಿಯ ಮರದಲ್ಲಿ ಸಿಡಿಲಿಗೆ ಸೀಳಿದ ಕೊಂಬೆ, ತೊಗಟೆ ಕಳಚಿ ಬಿಳಿಚಿಕೊಂಡ ಬೊಡ್ಡೆ ಇರುತ್ತದಲ್ಲ, ಅದನ್ನು ಇಲ್ಲಿ ಕೈಯಿಂದ ಮಾಡುತ್ತಾರೆ. ಜಪಾನಿನವರು ಒಣಗಿದ ಕೊಂಬೆಗೆ ಜಿನ್ ಎನ್ನುತ್ತಾರೆ, ಕಾಂಡದ ಮೇಲಿನ ಒಣಪಟ್ಟಿಗೆ ಶಾರಿ ಎನ್ನುತ್ತಾರೆ.

ಮೊದಲು ಇದಕ್ಕೆ ಉಳಿ, ಚಾಕು, ಇಕ್ಕಳ ಸಾಕಾಗಿದ್ದವು. ನಂತರ ರೋಟರಿ ಯಂತ್ರ ಬಂತು. ಆಲ್ಬರ್ಟ್ ಡ್ರೆಮೆಲ್ ಎಂಬವರು 1932ರಲ್ಲಿ ಅಮೆರಿಕದ ರೇಸೀನ್ ಪಟ್ಟಣದಲ್ಲಿ ತೆರೆದ ಕಂಪನಿಯ ಹೆಸರೇ ಈ ಯಂತ್ರದ ಹೆಸರಾಗಿಬಿಟ್ಟಿದೆ. ಈಗ ಅದೇ ಮಾದರಿಯ ಅಗ್ಗದ ಯಂತ್ರಗಳು ಸಾವಿರ, ಎರಡು ಸಾವಿರ ರೂಪಾಯಿಗೆ ಸಿಗುತ್ತವೆ. ಅಗ್ಗದ್ದೆಂದು ಅದನ್ನು ಹಳಿಯಲು ನಾನು ನಿಂತಿಲ್ಲ. ಬಡವನ ಕೈಗೆ ಎಟುಕುವ ಹತಾರವನ್ನು ಬೈಯಬಾರದು. ಆದರೆ ಅದರ ಶಕ್ತಿ ಎಷ್ಟು, ಮಿತಿ ಎಷ್ಟು ಎಂದು ತಿಳಿದಿರಬೇಕು.

ಈ ಯಂತ್ರಕ್ಕೆ ವೇಗ ಹೆಚ್ಚು, ಬಲ ಕಡಿಮೆ. ನಿಮಿಷಕ್ಕೆ 30,000 ಸುತ್ತಿನವರೆಗೆ ತಿರುಗುತ್ತದೆ. ಆದರೆ ಒತ್ತಿ ಹಿಡಿದರೆ ಉಸಿರುಗಟ್ಟುತ್ತದೆ. ವೇಗ ಇಳಿದಂತೆ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಸುರುಳಿ ಸುಡುತ್ತದೆ. ಆದ್ದರಿಂದ ತೂಕ ಹಾಕದೆ, ಪೆನ್ಸಿಲಿನಿಂದ ಗೀರು ಎಳೆದ ಹಾಗೆ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಮೈ ಬಿಸಿಯಾದರೆ ನಿಲ್ಲಿಸಿ ತಣಿಸಬೇಕು. ಗಾಳಿ ಆಡುವ ಕಂಡಿಗಳಲ್ಲಿ ಹೊಟ್ಟು ತುಂಬಿದರೆ ಪ್ಲಗ್ ಕಿತ್ತು ಕುಂಚದಿಂದ ಗುಡಿಸಬೇಕು. ಸಿಕ್ಕಾಪಟ್ಟೆ ಕಿಡಿ ಬರತೊಡಗಿದರೆ ಒಳಗಿನ ಕಾರ್ಬನ್ ಬ್ರಷ್ಷು ಸವೆದಿದೆಯೇ ನೋಡಬೇಕು. ಬೊಡ್ಡೆಯೊಳಗೆ ದೊಡ್ಡ ಪೊಟರೆ ಕೊರೆಯುವ ಕೆಲಸ ಇದರದಲ್ಲ. ಅದಕ್ಕೆ ಬಲವಾದ ಡೈ ಗ್ರೈಂಡರ್ ಬೇಕು.

ಪೆಟ್ಟಿಗೆಯಲ್ಲಿ ನೂರು ತುಂಡು ಕೊಟ್ಟರೆಂದು ಹಿಗ್ಗಬೇಡಿ. ಅದರಲ್ಲಿನ ಸಾಣೆಕಲ್ಲುಗಳು ಮರದ ಹುಡಿ ತುಂಬಿಕೊಂಡು ಮರವನ್ನು ಸುಡುತ್ತವೆ. ಆ ನೂರಕ್ಕಿಂತ ಒಳ್ಳೆಯ ಕಾರ್ಬೈಡ್ ಬಿಟ್ ಎರಡು ಮೇಲು. ಬಿಟ್ಟಿನ ದಂಡಕ್ಕೆ ಸರಿಹೊಂದುವ ಕಾಲೆಟ್ಟನ್ನೇ ಹಾಕಿ, ದಂಡವನ್ನು ಸಾಕಷ್ಟು ಒಳಗೆ ಇಳಿಸಿ ಬಿಗಿಯಬೇಕು. ಉದ್ದಕ್ಕೆ ಹೊರಗೆ ಬಿಟ್ಟರೆ ಆ ವೇಗದಲ್ಲಿ ಬಾಗಿ ಹಾರಿಹೋಗುತ್ತದೆ. ಬಿಟ್ಟು ತಿರುಗುವ ದಿಕ್ಕಿಗೆ ಎದುರಾಗಿ ಯಂತ್ರವನ್ನು ನಡೆಸಬೇಕು. ಅದರ ದಿಕ್ಕಿಗೇ ಬಿಟ್ಟರೆ ಬಂಡಿಯ ಗಾಲಿಯ ಹಾಗೆ ಮರದ ಮೇಲೆ ಓಡಿ ಬಂದು ಕೈಬೆರಳನ್ನು ಹಿಡಿಯುತ್ತದೆ. ಒಂದು ಕೈಯಲ್ಲಿ ಗಿಡ, ಒಂದು ಕೈಯಲ್ಲಿ ಯಂತ್ರ ಎಂದೂ ಬೇಡ. ಕುಂಡವನ್ನು ಹಗ್ಗದಿಂದ ಮೇಜಿಗೆ ಕಟ್ಟಿ.

ಮರದ ಧರ್ಮವನ್ನೂ ತಿಳಿಯಬೇಕು. ಹಸಿ ಕಟ್ಟಿಗೆ ನಾರೆದ್ದು ಬಿಟ್ಟಿಗೆ ಸುತ್ತಿಕೊಳ್ಳುತ್ತದೆ; ಒಣಗಿದ ಮೇಲೆ ಕೆತ್ತಿದರೆ ಗೆರೆ ಸ್ವಚ್ಛವಾಗಿ ಬರುತ್ತದೆ. ಹುಣಸೆ, ಗಾಳಿಮರಗಳ ಕಟ್ಟಿಗೆ ಗಟ್ಟಿ. ಆಲದ ಜಾತಿಯದು ಮತ್ತು ಕಾಗದದ ಹೂವಿನ ಗಿಡದ್ದು ಮೆದು, ಬೇಗ ಕೊಳೆಯುತ್ತದೆ. ತೊಗಟೆಯ ಕೆಳಗಿನ ಹಸಿರು ಪದರವೇ ಗಿಡದ ಜೀವನಾಡಿ. ಜೀವಂತ ಪಟ್ಟಿ ಯಾವುದು ಎಂದು ಮೊದಲೇ ಸೀಮೆಸುಣ್ಣದಿಂದ ಗುರುತು ಮಾಡಿ, ಅದನ್ನು ಮುಟ್ಟಬೇಡಿ. ಗೋವೆಯ ಮಳೆ ನಾಲ್ಕು ತಿಂಗಳು ಬಿಡದೆ ಹೊಡೆಯುತ್ತದೆ. ಕೊರೆದ ತಗ್ಗಿನಲ್ಲಿ ನೀರು ನಿಂತರೆ ಬೊಡ್ಡೆಯೇ ಕೊಳೆಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕೆತ್ತಿ, ನೀರು ಇಳಿದುಹೋಗಲು ದಾರಿ ಬಿಡಿ. ಕಡೆಗೆ ಬಳಿಯುವ ಸುಣ್ಣ-ಗಂಧಕದ ದ್ರಾವಣ ಕಟ್ಟಿಗೆಯನ್ನು ಕಾಯುತ್ತದೆ, ಬಿಳಿಯ ಬಣ್ಣವನ್ನೂ ಕೊಡುತ್ತದೆ. ಕುಂಡದ ಮಣ್ಣನ್ನು ಮುಚ್ಚಿ, ಬಯಲಿನಲ್ಲಿ ನಿಂತು, ಕೈಗವಸು ಹಾಕಿ ಬಳಿಯಿರಿ. ಅದಕ್ಕೆ ಆಮ್ಲ ತಾಗಿದರೆ ವಿಷದ ಅನಿಲ ಏಳುತ್ತದೆ, ನೆನಪಿರಲಿ.

ಇನ್ನೊಂದು ಮಾತು. ಯಂತ್ರ ಬಿಟ್ಟ ಗುಂಡುಗುಂಡು ಗುರುತು ನೋಡಿದವನಿಗೆ ಕೂಡಲೇ ತಿಳಿಯುತ್ತದೆ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧವನ್ನು ಕೆತ್ತುವಾಗ ಮರದ ಎಳೆ ಹೇಗಿದೆ ಎಂದು ನೋಡಿ ಉಳಿ ಇಡುತ್ತಾರೆ. ಇಲ್ಲಿಯೂ ಅದೇ ನ್ಯಾಯ. ಮೊದಲು ಇಕ್ಕಳದಿಂದ ಕಟ್ಟಿಗೆಯನ್ನು ಎಳೆಯ ಗುಂಟ ಸೀಳಿ. ಅದು ಎತ್ತ ಹೋಗುತ್ತದೆಯೋ ಅತ್ತ ಯಂತ್ರ ಹೋಗಲಿ. ಕಡೆಯ ಗೆರೆ ಚಾಕುವಿನದಾಗಲಿ. ಆಗ ಅದು ಗಾಳಿ-ಮಳೆ ಕೆತ್ತಿದ ಹಾಗೆ ಕಾಣುತ್ತದೆ. ಯಂತ್ರ ಅಗ್ಗದ್ದಾದರೂ ಕೈಗಾರಿಕೆ ಅಗ್ಗವಾಗಬೇಕಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮ ಸಂಘಕ್ಕೆ ಬರುವ ಒಬ್ಬ ತಮ್ಮ ಗಿಡಕ್ಕೆ ಇಷ್ಟು ಎಂಬ ಕೂಲಿಗೆ ಈ ಕೆಲಸ ಮಾಡುತ್ತಿದ್ದ. ಬೇಗ ಮುಗಿಸಲೆಂದು ತಂತಿಯ ಬ್ರಷ್ಷನ್ನು ಪೂರ್ತಿ ವೇಗಕ್ಕೆ ತಿರುಗಿಸಿದ. ತಂತಿಯ ಎಳೆಯೊಂದು ಕಿತ್ತು ಬಲಗಣ್ಣಿಗೆ ಹೊಡೆಯಿತು. ಇವತ್ತಿಗೂ ಆ ಕಣ್ಣಿಗೆ ಮಂಜು ಮಂಜಾಗಿ ಕಾಣುತ್ತದೆ. ತಂತಿಯ ಬ್ರಷ್ಷನ್ನು ನಿಮಿಷಕ್ಕೆ 15,000 ಸುತ್ತಿಗಿಂತ ಹೆಚ್ಚು ತಿರುಗಿಸಬಾರದು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಕನ್ನಡಕವನ್ನೂ ಕೊಟ್ಟಿರಲಿಲ್ಲ. ಗುತ್ತಿಗೆದಾರ ಹೇಳಿದ್ದು ಒಂದೇ ಮಾತು: "ನಿನ್ನ ಅಜಾಗ್ರತೆ." ಹಾಜರಿ ಪುಸ್ತಕವಿಲ್ಲ, ಕೂಲಿಯ ಚೀಟಿಯಿಲ್ಲ, ಅವನ ಹತ್ತಿರ ದುಡಿದೆ ಎಂದು ತೋರಿಸಲು ತಮ್ಮನ ಕೈಯಲ್ಲಿ ಏನೂ ಇರಲಿಲ್ಲ.

1923ರ ಕಾರ್ಮಿಕ ನಷ್ಟಪರಿಹಾರ ಕಾಯ್ದೆಯ ಪಟ್ಟಿಯಲ್ಲಿ, ಇನ್ನೊಂದು ಕಣ್ಣು ನೆಟ್ಟಗಿದ್ದು ಒಂದು ಕಣ್ಣು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 40 ಭಾಗ ನಷ್ಟ ಎಂದು ಬರೆದಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ನಷ್ಟಪರಿಹಾರದ ಅಧ್ಯಾಯವಿದೆ. ಆದರೆ ಯಾವ ಕಾನೂನೇ ಇರಲಿ, ದುಡಿದದ್ದಕ್ಕೆ ಪುರಾವೆ ಬೇಕು. ಯಾವ ದಿನ, ಯಾರ ಹತ್ತಿರ, ಎಷ್ಟು ಕೂಲಿಗೆ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಸಿ.

ಧೂಳಿನ ಮಾತೂ ಅಷ್ಟೇ. ಮರದ ಹುಡಿಯಿಂದ ಮನುಷ್ಯನಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಸಾರಿತು. ಮೂಗಿಗೆ ಕಟ್ಟಿದ ಟವೆಲು ಈ ನುಣುಪಾದ ಹುಡಿಯನ್ನು ತಡೆಯದು; ಎನ್-95 ಮಾಸ್ಕ್ ಬೇಕು. ಪಕ್ಕದಿಂದಲೂ ಮುಚ್ಚುವ ಕನ್ನಡಕ ಬೇಕು. ಸಡಿಲ ಬಟ್ಟೆಯ ಕೈಗವಸು ಈ ಯಂತ್ರಕ್ಕೆ ಬೇಡ, ಅದು ಸುತ್ತಿಕೊಳ್ಳುತ್ತದೆ. ಕೊರಳಿನ ಜಪಮಾಲೆಯನ್ನು ಅಂಗಿಯ ಒಳಗೆ ಹಾಕಿಕೊಳ್ಳಿ. ಒದ್ದೆ ನೆಲದ ಮೇಲೆ ನಿಂತು ಯಂತ್ರ ಹಚ್ಚಬೇಡಿ.

ಕನ್ನಡಕ, ಮಾಸ್ಕ್ ಎಲ್ಲ ಸೇರಿದರೂ ಯಂತ್ರದ ಅರ್ಧ ಬೆಲೆ ಆಗುವುದಿಲ್ಲ. ಇದನ್ನು ಯಾರು ಕೊಡಬೇಕು? ಕೆಲಸ ಮಾಡಿಸುವವನು ಕೊಡಬೇಕು. ಒಬ್ಬನೇ ಹೋಗಿ ಕೇಳಿದರೆ "ನಾಳೆಯಿಂದ ಬರಬೇಡ" ಎಂದಾನು. ಹತ್ತು ಜನ ಸೇರಿ ಕೇಳಿದರೆ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬಾರದು. ಸಂಘ ಇರುವುದು ಇದಕ್ಕೇ. ಸ್ವಂತಕ್ಕೆ ಯಂತ್ರ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಮೊದಲು ಕನ್ನಡಕ ಕೊಳ್ಳಿ, ಆಮೇಲೆ ಒಳ್ಳೆಯ ಬಿಟ್ ಕೊಳ್ಳಿ, ಉಳಿದ ದುಡ್ಡಿನಲ್ಲಿ ಯಂತ್ರ ಕೊಳ್ಳಿ.

ಮೇ ಒಂದನೆಯ ತಾರೀಖನ್ನು 1955ರಿಂದ ನಮ್ಮ ಸಭೆಯಲ್ಲಿ ದುಡಿಮೆಗಾರ ಸಂತ ಜೋಸೆಫರ ಹಬ್ಬವೆಂದು ಆಚರಿಸುತ್ತಾರೆ. ಅವರೂ ಮರಗೆಲಸದವರು. ಮುಂದಿನ ಮೇ ಹಬ್ಬದೊಳಗೆ, ಈ ಯಂತ್ರ ಹಿಡಿಯುವ ನಮ್ಮವರಲ್ಲಿ ಕನ್ನಡಕವಿಲ್ಲದವರು ಒಬ್ಬರೂ ಇರಬಾರದು. ಯಾರ ಯಾರ ಹತ್ತಿರ ಇಲ್ಲವೋ ಅವರು ಸಭೆ ಮುಗಿದ ಮೇಲೆ ನನ್ನ ಬಳಿ ಹೆಸರು ಬರೆಸಿ. ಗುತ್ತಿಗೆದಾರರಿಗೆ ಕೊಡುವ ಮನವಿಗೆ ಇವತ್ತೇ ಸಹಿ ಹಾಕೋಣ.