ಫುಟಿ ಅಂದರೆ ಯಾವ ಆಟ?



ಮೆಲ್ಬರ್ನಿನಲ್ಲಿ ‘ಫುಟಿ’ ಅಂದರೆ ಮೊಟ್ಟೆಯಾಕಾರದ ಚೆಂಡಿನ ಆಟ. ಅಂಗಳ ಕ್ರಿಕೆಟ್ ಮೈದಾನದಷ್ಟು ದೊಡ್ಡದು, ಒಂದೊಂದು ತಂಡದಿಂದ 18 ಜನ ಅಂಗಳದಲ್ಲಿ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಅದೇ ಮಾತನ್ನು ಸಿಡ್ನಿಯಲ್ಲೋ ಬ್ರಿಸ್ಬೇನಿನಲ್ಲೋ ಆಡಿದರೆ 13 ಜನರ ರಗ್ಬಿ ಲೀಗ್ ಎಂದು ಅರ್ಥ. ನಾವು ಫುಟ್‌ಬಾಲ್ ಎನ್ನುವ ಆಟಕ್ಕೆ ಅಲ್ಲಿ ಬಹುಕಾಲದಿಂದ ಸಾಕರ್ ಎಂದು ಹೆಸರು. 15 ಜನರ ರಗ್ಬಿ ಯೂನಿಯನ್ನೂ ಸೇರಿದರೆ ನಾಲ್ಕಾಯಿತು. ಮೂರು ಕೋಟಿ ಜನರೂ ಇಲ್ಲದ ಆಸ್ಟ್ರೇಲಿಯಾಕ್ಕೆ ನಾಲ್ಕು ಫುಟ್‌ಬಾಲ್ ಯಾಕೆ ಬೇಕಾಯಿತು? ಯಾರಿಗೆ ಯಾವ ಅಂಗಳದಲ್ಲಿ ಜಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಹುಡುಕಿಕೊಂಡು ಹೋದರೆ ಉತ್ತರ ಕಾಣತೊಡಗುತ್ತದೆ.

ಟಾಮ್ ವಿಲ್ಸ್ ಎಂಬುವರಿಂದ ಶುರುಮಾಡೋಣ. ಹುಟ್ಟಿದ್ದು 1835ರಲ್ಲಿ. ತಂದೆ ಕುರಿ ಸಾಕಲೆಂದು ವಿಕ್ಟೋರಿಯಾದ ಪಶ್ಚಿಮದಲ್ಲಿ ನೆಲ ಹಿಡಿದಿದ್ದರು. ಅದು ಜಾಬ್‌ವುರಂಗ್ ಎಂಬ ಮೂಲನಿವಾಸಿಗಳ ನೆಲ. ಅವರ ಮಕ್ಕಳೇ ಈ ಬಿಳಿ ಹುಡುಗನ ಜೊತೆಗಾರರು. ಅವರ ಭಾಷೆಯನ್ನು ಆತ ಸರಾಗವಾಗಿ ಮಾತಾಡುತ್ತಿದ್ದ. ಮುಂದೆ ಓದಲು ಕಳಿಸಿದ್ದು ಇಂಗ್ಲೆಂಡಿನ ರಗ್ಬಿ ಶಾಲೆಗೆ. 1856ರ ಕೊನೆಗೆ ಮರಳಿ ಬಂದಾಗ ಅವರು ದೊಡ್ಡ ಕ್ರಿಕೆಟಿಗ.

1858ರ ಜುಲೈ 10ರಂದು ಮೆಲ್ಬರ್ನಿನ ಪತ್ರಿಕೆಯೊಂದರಲ್ಲಿ ಅವರ ಕಾಗದ ಅಚ್ಚಾಯಿತು. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ಮನೆ ಕೂತು ಮೈ ಜಡವಾಗಿಸಿಕೊಳ್ಳಬಾರದು, ಒಂದು ಫುಟ್‌ಬಾಲ್ ಕ್ಲಬ್ಬು ಕಟ್ಟೋಣ ಎಂಬುದು ಅದರ ಸಾರ. ಅದೇ ವರ್ಷದ ಆಗಸ್ಟ್ 7ರಂದು ಎರಡು ಶಾಲೆಗಳು ಎದುರುಬದುರಾದವು. ಒಂದೊಂದು ಕಡೆ 40 ಹುಡುಗರು. ಮೂರು ಶನಿವಾರ ಆಡಿದರೂ ಇವರದೊಂದು ಗೋಲು, ಅವರದೊಂದು ಗೋಲು, ಅಷ್ಟೇ. ಅಂದು ಅಂಪೈರುಗಳಾಗಿ ನಿಂತವರು ವಿಲ್ಸ್ ಮತ್ತು ಜಾನ್ ಮೆಕಾಡಮ್ ಎಂಬ ರಸಾಯನ ಶಾಸ್ತ್ರಜ್ಞ. ಇಂದು ನಮ್ಮ ಅಂಗಡಿಗಳಲ್ಲೂ ಸಿಗುವ ಮೆಕಡೇಮಿಯಾ ಬೀಜಕ್ಕೆ ಅವರದೇ ಹೆಸರು.

ಮರುವರ್ಷ ಮೇ 17ರಂದು ವಿಲ್ಸ್ ಮತ್ತು ಗೆಳೆಯರು ಒಂದು ಹೋಟೆಲಿನಲ್ಲಿ ಕೂತು ಹತ್ತು ನಿಯಮ ಬರೆದರು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ. ಅಂದರೆ ಮೆಲ್ಬರ್ನಿನ ನಿಯಮಗಳು ಅದಕ್ಕಿಂತ ನಾಲ್ಕು ವರ್ಷ ಹಳೆಯವು! ರಗ್ಬಿ ಶಾಲೆಯಲ್ಲಿ ಎದುರಾಳಿಯ ಮೊಣಕಾಲ ಕೆಳಗೆ ಒದೆಯುವುದು ಆಟದ ಭಾಗವೇ ಆಗಿತ್ತು. ಮೆಲ್ಬರ್ನಿನ ನೆಲ ಗಟ್ಟಿ, ಆಡುವವರು ಮರುದಿನ ಕೆಲಸಕ್ಕೆ ಹೋಗಬೇಕಾದವರು. ಒದೆತ ಬೇಡವೆಂದರು. ನಿಯಮ ಕಟ್ಟುವಾಗ ಆಡುವವನ ಬದುಕು ನೆನಪಾದ ಈ ಸಂಗತಿ ನನಗೆ ಬಹಳ ಇಷ್ಟ.

ಈ ಆಟದ ಬೇರು ಎಲ್ಲಿಯದು ಎಂಬ ವಾದ ಇವತ್ತಿಗೂ ಮುಗಿದಿಲ್ಲ. ವಿಲ್ಸ್ ಬೆಳೆದ ಸೀಮೆಯ ಮೂಲನಿವಾಸಿಗಳು ಪೋಸಮ್ ಎಂಬ ಪ್ರಾಣಿಯ ತೊಗಲಿನಿಂದ ಚೆಂಡು ಕಟ್ಟಿ, ಎತ್ತರಕ್ಕೆ ಒದ್ದು, ಮೇಲೆ ಹಾರಿ ಹಿಡಿಯುವ ಆಟ ಆಡುತ್ತಿದ್ದರು. ಮಾರ್ನ್‌ಗ್ರೂಕ್ ಎಂದು ಅದರ ಹೆಸರು. ಇವತ್ತಿನ ಫುಟಿಯ ಅತಿ ಚೆಂದದ ಗಳಿಗೆಯೂ ಅದೇ: ಎದುರಾಳಿಯ ಹೆಗಲ ಮೇಲೆ ಏರಿದಂತೆ ಜಿಗಿದು ಚೆಂಡು ಹಿಡಿಯುವುದು. ವಿಲ್ಸ್ ಇದನ್ನು ಅಲ್ಲಿಂದ ತಂದರೆಂಬುದಕ್ಕೆ ಅವರ ಕೈಬರಹದ ಪುರಾವೆ ಇಲ್ಲ, ಹಾಗಾಗಿ ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ಆ ಮಕ್ಕಳ ಭಾಷೆಯನ್ನೇ ಕಲಿತ ಹುಡುಗ ಅವರ ಚೆಂಡನ್ನು ಕಣ್ಣೆತ್ತಿಯೂ ನೋಡಲಿಲ್ಲ ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ವಿಲ್ಸ್ ಬದುಕು ಸುಖದ್ದಲ್ಲ. 1861ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಮೂಲನಿವಾಸಿಗಳ ದಾಳಿಗೆ ಅವರ ತಂದೆಯೂ ಸೇರಿ 19 ಜನ ಸತ್ತರು. ಸೇಡಿಗೆಂದು ಬಿಳಿಯರು ಕೊಂದ ಮೂಲನಿವಾಸಿಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚು. ಆ ಕೊಲೆಗಳಲ್ಲಿ ವಿಲ್ಸ್ ಕೈಯೂ ಇತ್ತೆನ್ನುವ ಹಳೆಯ ಪತ್ರಿಕಾ ಬರಹವೊಂದು ಈಚೆಗೆ ಬೆಳಕಿಗೆ ಬಂದಿದೆ. ಇಷ್ಟಾದ ಮೇಲೂ ಅದೇ ವಿಲ್ಸ್ 1866ರಲ್ಲಿ ಮೂಲನಿವಾಸಿಗಳ ಕ್ರಿಕೆಟ್ ತಂಡಕ್ಕೆ ತರಬೇತಿ ಕೊಟ್ಟು ಮೆಲ್ಬರ್ನ್ ಮೈದಾನಕ್ಕೆ ಕರೆತಂದರು. ಕೊನೆಗೆ ಕುಡಿತ ಅವರನ್ನು ತಿಂದಿತು. 44ನೇ ವಯಸ್ಸಿನಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು.

ಸಿಡ್ನಿಯ ಕಥೆ ಬೇರೆ. ಅಲ್ಲಿ ಬೇರೂರಿದ್ದು ರಗ್ಬಿ ಯೂನಿಯನ್. ಆಟಕ್ಕೆ ದುಡ್ಡು ಮುಟ್ಟಬಾರದೆಂದು ಅದರ ಹಟ. ಓದಿಕೊಂಡ ಶ್ರೀಮಂತರಿಗೆ ಅದು ಸುಲಭ. ದಿನಗೂಲಿಯವನು ಕೈ ಮುರಿದುಕೊಂಡರೆ ಮನೆಯಲ್ಲಿ ಒಲೆ ಹತ್ತಬೇಕಲ್ಲ? 1907ರಲ್ಲಿ ಅಲೆಕ್ಸ್ ಬರ್ಡನ್ ಎಂಬ ಆಟಗಾರ ಪೆಟ್ಟು ತಿಂದು ಕೆಲಸ ತಪ್ಪಿಸಿಕೊಂಡಾಗ ಪರಿಹಾರ ಸಿಗಲಿಲ್ಲ. ಒಳಗೊಳಗೇ ಕುದಿಯುತ್ತಿದ್ದ ಸಿಟ್ಟು ಹೊರಬಂತು. ಆಗಸ್ಟ್ 8ರಂದು ಹೊಸ ಲೀಗ್ ಕಟ್ಟಿದವರಲ್ಲಿ ಮಹಾನ್ ಬ್ಯಾಟುಗಾರ ವಿಕ್ಟರ್ ಟ್ರಂಪರ್ ಕೂಡ ಇದ್ದರು. ಜನರ ಕಣ್ಮಣಿಯಾಗಿದ್ದ ರಗ್ಬಿ ಆಟಗಾರ ಡ್ಯಾಲಿ ಮೆಸೆಂಜರ್ ಈ ಕಡೆ ಬಂದದ್ದೇ ತಡ, ನೋಡುವವರೂ ಹಿಂದೆಯೇ ಬಂದರು. ರಗ್ಬಿ ಲೀಗ್ ದುಡಿಯುವವರ ಕೇರಿಗಳ ಆಟವಾಯಿತು. ಯೂನಿಯನ್ ದೊಡ್ಡ ಶಾಲೆಗಳ ಅಂಗಳದಲ್ಲಿ ಉಳಿಯಿತು.

ಇನ್ನು ಸಾಕರ್. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಅನ್ನು ನಾವು ಮರೆಯುವಂತಿಲ್ಲ. ಆತಿಥೇಯ ಆಸ್ಟ್ರೇಲಿಯಾವನ್ನು ಅದರದೇ ನೆಲದಲ್ಲಿ ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಭಾರತ ನಾಲ್ಕನೇ ಸ್ಥಾನ ಪಡೆದ ಆ ಒಲಿಂಪಿಕ್ಸ್ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

ಆ ಹೊತ್ತಿಗೆ ಆಸ್ಟ್ರೇಲಿಯಾದ ಹಡಗುಕಟ್ಟೆಗಳಲ್ಲಿ ಇಟಲಿ, ಗ್ರೀಸ್, ಕ್ರೊಯೇಷಿಯಾ, ಹಂಗೇರಿಯ ಜನ ಇಳಿಯುತ್ತಿದ್ದರು. ಹಗಲೆಲ್ಲ ಕಾರ್ಖಾನೆಯಲ್ಲಿ ಬಾರದ ಇಂಗ್ಲಿಷಿನೊಂದಿಗೆ ಏಗಿದವರಿಗೆ ವಾರಾಂತ್ಯದ ಸಾಕರ್ ಕ್ಲಬ್ಬು ಅಂದರೆ ತಾಯ್ನುಡಿ ಕಿವಿಗೆ ಬೀಳುವ ಜಾಗ. ಹೊರಗಿನವರು ಇದನ್ನು ‘ಪರದೇಶಿಗಳ ಆಟ’ ಎಂದು ಹೀಗಳೆದರು. ರಾಷ್ಟ್ರೀಯ ತಂಡದ ನಾಯಕರಾಗಿದ್ದ ಜಾನಿ ವಾರೆನ್ ತಮ್ಮ ಆತ್ಮಕಥೆಗೆ ಅಂಥ ಮೂರು ಬೈಗುಳಗಳನ್ನೇ ಹೆಸರಾಗಿ ಇಟ್ಟರು. ಗ್ರೀಕರ ಸೌತ್ ಮೆಲ್ಬರ್ನ್ ಕ್ಲಬ್ಬಿಗೆ 1989ರಲ್ಲಿ ತರಬೇತಿ ಕೊಡಲು ಬಂದವರು ಹಂಗೇರಿಯ ಫೆರೆಂಕ್ ಪುಷ್ಕಾಶ್. ಜಗತ್ತು ಕಂಡ ಅತ್ಯುತ್ತಮ ಆಟಗಾರರಲ್ಲಿ ಒಬ್ಬರು! ಇಂಗ್ಲಿಷ್ ಹೆಚ್ಚು ಬಾರದು, ಅಥೆನ್ಸಿನಲ್ಲಿದ್ದಾಗ ಕಲಿತ ಗ್ರೀಕ್ ಬರುತ್ತಿತ್ತು. ಅದನ್ನು ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದವರು ತಂಡದ ನಾಯಕ, ಐದು ವರ್ಷದವನಿದ್ದಾಗ ಗ್ರೀಸಿನಿಂದ ಬಂದ ಆಂಜ್ ಪೋಸ್ಟೆಕೊಗ್ಲು. ಮುಂದೆ ಅವರೇ ಆಸ್ಟ್ರೇಲಿಯಾ ತಂಡದ ತರಬೇತುದಾರರಾದರು.

ಮತ್ತೆ ಮೆಲ್ಬರ್ನಿನ ಫುಟಿಗೆ ಬರುತ್ತೇನೆ. ಅಲ್ಲಿ ನನ್ನನ್ನು ಕಾಡುವವರು ಡಗ್ ನಿಕೋಲ್ಸ್. 1920ರ ದಶಕದಲ್ಲಿ ದೊಡ್ಡ ಕ್ಲಬ್ಬೊಂದಕ್ಕೆ ಆಡಲು ಹೋದರು. ಮೂಲನಿವಾಸಿಯೆಂದು ಅಲ್ಲಿನ ಮಾಲೀಸಿನವರು ಅವರ ಮೈ ಮುಟ್ಟಲಿಲ್ಲ. ಹೊರಬಂದರು. ಮುಂದೆ ಫಿಟ್ಜ್‌ರಾಯ್ ಕ್ಲಬ್ಬಿಗೆ ಆಡಿ ಹೆಸರು ಮಾಡಿದರು, ಪಾದ್ರಿಯಾದರು, 1976ರಲ್ಲಿ ಸೌತ್ ಆಸ್ಟ್ರೇಲಿಯಾದ ಗವರ್ನರ್ ಆದರು. ಅಷ್ಟಾದರೂ 1993ರಲ್ಲಿ ನಿಕಿ ವಿನ್ಮಾರ್ ಎಂಬ ಮೂಲನಿವಾಸಿ ಆಟಗಾರ ಇಡೀ ದಿನ ಬೈಗುಳ ಕೇಳಬೇಕಾಯಿತು. ಆಟ ಗೆದ್ದ ಮೇಲೆ ಅವರು ಪ್ರೇಕ್ಷಕರ ಕಡೆ ತಿರುಗಿ, ಅಂಗಿ ಎತ್ತಿ, ತಮ್ಮ ಕಪ್ಪು ಮೈಗೆ ಬೆರಳು ತೋರಿಸಿ ನಿಂತರು. ಎರಡು ವರ್ಷದ ಬಳಿಕ ಜನಾಂಗೀಯ ನಿಂದನೆಯ ವಿರುದ್ಧ ಲೀಗ್ ನಿಯಮ ತಂದಿತು. ಆದರೂ 2015ರಲ್ಲಿ ಇನ್ನೊಬ್ಬ ಮೂಲನಿವಾಸಿ ಆಟಗಾರ ಆಡಮ್ ಗುಡ್ಸ್ ಪ್ರೇಕ್ಷಕರ ಕೂಗಾಟ ಸಹಿಸಿ ಸಹಿಸಿ ಆಟವನ್ನೇ ಬಿಟ್ಟರು. ಲೀಗ್ ಮತ್ತು ಕ್ಲಬ್ಬುಗಳು ಅವರ ಕ್ಷಮೆ ಕೇಳಿದ್ದು 2019ರಲ್ಲಿ.

ಈಗ ವರ್ಷಕ್ಕೊಮ್ಮೆ ಡಗ್ ನಿಕೋಲ್ಸ್ ಹೆಸರಿನ ಸುತ್ತು ನಡೆಯುತ್ತದೆ. ಆಟಗಾರರು ಮೂಲನಿವಾಸಿ ಕಲಾವಿದರು ಚಿತ್ರಿಸಿದ ಅಂಗಿ ತೊಡುತ್ತಾರೆ, ಕೆಲವು ಕ್ಲಬ್ಬುಗಳು ಹೆಸರನ್ನೂ ಬದಲಿಸಿಕೊಳ್ಳುತ್ತವೆ. ಟಾಮ್ ವಿಲ್ಸ್ ಮತ್ತು ಗೆಳೆಯರು ಕಟ್ಟಿದ ಮೆಲ್ಬರ್ನ್ ಕ್ಲಬ್ಬು ಆಗ ‘ನಾರ್ಮ್’ ಎಂದು ಕರೆಸಿಕೊಂಡು ಆಡುತ್ತದೆ. ಬಿಳಿಯರು ಬರುವ ಮೊದಲು ಆ ನಗರದ ನೆಲಕ್ಕಿದ್ದ ಹೆಸರು ಅದು.